ಬಲಕ್ಕೆ ತಿರುಗಿದ ಮಾಮಾ

ಪುಣೆಯಲ್ಲಿ ರಾಂಗ್ ಸೈಡಿನಲ್ಲಿ ಬರುವವರನ್ನು ಬೈಯುವ ಹಕ್ಕು ನಮ್ಮ ಮಾಮಾನಿಗೆ ಖಂಡಿತ ಇಲ್ಲ! ಎಲ್ಲರ ಮಹಾಧಮನಿ ಹೃದಯದಿಂದ ಹೊರಟು ಎಡಕ್ಕೆ ಬಾಗಿದರೆ ಈ ಪುಣ್ಯಾತ್ಮನದು ಹುಟ್ಟಿದಾಗಿನಿಂದ ಬಲಕ್ಕೆ! ಗೊತ್ತಾದದ್ದು ಮಾತ್ರ ಐವತ್ತೆಂಟನೆಯ ವಯಸ್ಸಿನಲ್ಲಿ.

ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಒಂದೇ: ಅಷ್ಟು ನಿಧಾನವಾಗಿ ಉಣ್ಣುವ ಪ್ರಾಣಿ ಧಾರವಾಡದಿಂದ ಪುಣೆಯ ನಮ್ಮ ಬಿಬವೇವಾಡಿಯವರೆಗೆ ಇನ್ನೊಂದಿಲ್ಲ. ನಮ್ಮಲ್ಲಿ ಪಂಕ್ತಿಯವರೆಲ್ಲರ ಊಟ ಮುಗಿಯದೆ ಯಾರೂ ಏಳುವಂತಿಲ್ಲ. ಮದುವೆಮನೆಗಳಲ್ಲಿ ಎಂಜಲು ಕೈ ಒಣಗಿಸಿಕೊಂಡು ಮಾಮಾನ ಬಾಯನ್ನೇ ನೋಡುತ್ತ ಕೂರಬೇಕಿತ್ತು. “ಏನ ಮಾಮಾ, ಹೋಳಿಗಿಗೆ ಪಾಠ ಹೇಳಲಿಕ್ಕತ್ತೀಯೇನು?” ಎಂದು ನಾನೇ ಎಷ್ಟು ಸಲ ರೇಗಿಸಿದ್ದೇನೋ.

ಕಳೆದ ವರ್ಷ ಚಪಾತಿ ಎದೆಯಲ್ಲಿ ಸಿಕ್ಕಿಕೊಂಡಾಗ ಸ್ಕ್ಯಾನ್ ಮಾಡಿಸಿದೆವು. ಬಲಕ್ಕೆ ಹೋದ ಧಮನಿಯೂ ಎಡಗಡೆಯ ನಾರೊಂದೂ ಸೇರಿ ಅನ್ನನಾಳವನ್ನು ಉಂಗುರದಂತೆ ಬಿಗಿದಿದ್ದವು. ‘ಬಹಳ ಅಪರೂಪ’ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದ್ದೇ ತಡ, ಮಾಮಾ ಸ್ಕ್ಯಾನಿನ ಫಿಲ್ಮನ್ನು ಮದುವೆಯ ಆಲ್ಬಮ್ಮಿನಂತೆ ಬಂದವರಿಗೆಲ್ಲ ತೋರಿಸತೊಡಗಿದ! ವೈದ್ಯಕೀಯ ವಿದ್ಯಾರ್ಥಿಗಳ ಪರೀಕ್ಷೆಗೆ ‘ಕೇಸ್’ ಆಗಿ ಮಲಗಲು ಕರೆಯೂ ಬಂತು. ಹೊಸ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದ. ಅಲ್ಲಿ ಮೊದಲು ತೆಗೆಸುವುದೇ ಅಂಗಿ!

“ಎಷ್ಟ ಮಂದಿ ಪಾಸಾದ್ರು?” ಎಂದೆ.

“ನಾ ಮೆಲ್ಲಕ ಹೇಳಿಕೊಟ್ಟಿದ್ದು ಕೇಳಿಸಿಕೊಂಡವರೆಲ್ಲಾ!”

ಆಪರೇಷನ್ನಿಗೆ ಮಾತ್ರ ಒಲ್ಲೆ ಎಂದ. “ಈ ಉಂಗುರ ಬಿಡಿಸಿಕೊಂಡ್ರ ನನ್ನ ಕಿಮ್ಮತ್ತೇನು ಉಳೀತದ?”

ಮಾಮಿ ಬಿಡಲಿಲ್ಲ. “ಬರೇ ಗಂಜಿ ಕುಡದು ಪ್ಯಾಂಟ್ ಜಾರಲಿಕ್ಕತ್ತದ. ಕಿಮ್ಮತ್ತು ಕಟಗೊಂಡು ಏನ್ ಮಾಡ್ತೀರಿ?”

ಆಪರೇಷನ್ನಿನ ದಿನ ಮಾಮಾ ಒಂದೂ ಜೋಕು ಹೇಳಲಿಲ್ಲ. ನನ್ನ ಕೈ ಹಿಡಿದು, “ಹೆದರಿಕಿ ಆಗೇದೋ,” ಎಂದ. ನನಗೂ ಭಯವಾಗಿತ್ತು.

ಎಲ್ಲ ಸುಸೂತ್ರವಾಯಿತು. ಎರಡು ತಿಂಗಳ ಮೇಲೆ ಮನೆಯಲ್ಲಿ ಜೋಳದ ರೊಟ್ಟಿಯ ಊಟ. “ಮುಗೀತು!” ಎಂದು ಮಾಮಾ ಎಲ್ಲರಿಗಿಂತ ಮೊದಲು ಕೂಗಿದ. ಸ್ವಲ್ಪ ಹೊತ್ತಿನಲ್ಲಿ ನಮ್ಮದೂ ಮುಗಿಯಿತು. ಮಾಮಿಯ ತಾಟಿನಲ್ಲಿ ಮಾತ್ರ ಇನ್ನೂ ಅರ್ಧ ರೊಟ್ಟಿ.

“ಮಾಮಿ, ಈಗ ನೀನ ಕಡೀಯಾಕಿ!” ಎಂದು ನಕ್ಕೆ.

“ಅಯ್ಯ, ರೂಢಿ ಹೋಗಿಲ್ಲ ನೋಡು,” ಎಂದು ಅವಳು ನಾಚಿದಳು. “ಇವರೊಬ್ಬರ ಕಡೀಕ ಉಳೀಬಾರದಂತ ಮೂವತ್ತು ವರ್ಷ ಅರ್ಧ ರೊಟ್ಟಿ ಇಟಗೊಂಡು ಕೂಡ್ತಿದ್ದೆ.”

ನಾವ್ಯಾರೂ ಅವಳ ತಾಟನ್ನು ನೋಡಿಯೇ ಇರಲಿಲ್ಲ. ನನಗೆ ನಾಚಿಕೆಯಾಯಿತು. ಮಾಮಾ ರೊಟ್ಟಿಯ ಬುಟ್ಟಿ ಎಳೆದುಕೊಂಡು, ಅರ್ಧ ರೊಟ್ಟಿ ಮುರಿದು ತನ್ನ ತಾಟಿಗೆ ಹಾಕಿಕೊಂಡ.

“ಸಾವಕಾಶ ಉಣ್ಣು,” ಎಂದ. “ನಂದೂ ಇನ್ನೂ ಮುಗದಿಲ್ಲ.”