ಅವ್ವನ ರೂಪಾಯಿಗಿ ಎಪ್ಪತ್ತಕ್ಕ ಎಷ್ಟು?

ಮನ್ಯಾಗ ಒಂದು ಹಳೀ ನಾಣ್ಯ ಅದ ಅಂತ ಬಾಯಿ ತಪ್ಪಿ ಹೇಳಿ ನೋಡ್ರಿ. ನಾಣ್ಯ ಸುಮ್ಮ ಕುಂತಿರತದ, ಮಂದಿ ಸುಮ್ಮ ಕುಂದ್ರಂಗಿಲ್ಲ. ನಾ ಸೇಡಂ–ವಾಡಿ ಬಸ್ಸಿನ ಕಂಡಕ್ಟರ್. ದಿನಾ ಬೆಳಗಾದ್ರ ಮಂದಿ ಸಂಗಟ ಮಾತಾಡೋದೇ ಕೆಲಸ, ಹಂಗಾಗಿ ನನ್ನ ಬಾಯಿ ತಪ್ಪೋದೂ ಭಾಳ.

ನಾಣ್ಯ ನಮ್ಮವ್ವಂದು. ನಿಜಾಮನ ಕಾಲದ ಬೆಳ್ಳಿ ರೂಪಾಯಿ. ಒಂದು ಮಗ್ಗಲಿಗಿ ಚಾರ್‌ಮಿನಾರ್, ಇನ್ನೊಂದು ಮಗ್ಗಲಿಗಿ ಫಾರಸಿ ಅಕ್ಷರ. ಲಗ್ನದಾಗ ಆಕಿ ಅಪ್ಪ ಕೊಟ್ಟಿದ್ದು. ನಮ್ಮ ಸೋದರತ್ತಿಗೋಳು ಮಾತ್ರ "ಬಡವನ ಮಗಳಿಗಿ ಬೆಳ್ಳಿ ಎಲ್ಲಿಂದ ಬರಬೇಕು? ಖೋಟಾ ಅದ" ಅಂತ ಆಕಿನ್ನ ಜನ್ಮಪೂರ್ತಿ ಚುಚ್ಚಿದ್ರು. ಅವ್ವ "ಖರೇ ಅದ" ಅಂದ್ಕೋತೇ ಕಣ್ಣು ಮುಚ್ಚಿದ್ಳು. ಆಕಿ ಮಾತು ಖರೇ ಅಂತ ಯಾರಾದ್ರೂ ಬಲ್ಲವರು ಹೇಳಬೇಕು ಅಂತ ನನಗ ಹಂಬಲ. ಖೋಟಾ ಅಂದುಬಿಟ್ರ ಹೆಂಗಪಾ ಅಂತ ಅಷ್ಟೇ ಅಂಜಿಕಿ.

ಪಾಸ್ ಆಗಲಿಕ್ಕ ಎಷ್ಟು?

ಒಂದಿನ ಸೇಡಮಿನಾಗ ಒಬ್ಬ ಮಾಸ್ತರು ಹತ್ತಿದ್ರು. ಅವರಿಗಿ ನಾಣ್ಯ ಕೂಡಿಡೊ ಚಟ. ನನ್ನ ಬಾಯಿ ಎಂದಿನಂಗ ತಪ್ಪಿತು.

"ಗ್ರೇಡಿಂಗಿಗಿ ಕಳಸ್ರಿ," ಅಂದ್ರು. "ಬಲ್ಲವರು ಭೂತಗನ್ನಡಿ ಹಚ್ಚಿ ನೋಡತಾರ. ಖರೇನೋ ಖೋಟಾನೋ ಹೇಳಿ ಎಪ್ಪತ್ತಕ್ಕ ಇಷ್ಟು ಅಂತ ನಂಬರ್ ಕೊಡತಾರ. ಆಮ್ಯಾಲ ಪ್ಲಾಸ್ಟಿಕ್ ಡಬ್ಬ್ಯಾಗ ಸೀಲ್ ಮಾಡಿ ಕಳಸತಾರ."

ಹಿಂದಿನ ಸೀಟಿನಾಗ ನಮ್ಮ ಓಣಿ ಅಜ್ಜಿ ಕುಂತಿದ್ಳು. ತವರು ಕುಂಚಾವರಂ, ಮಾತಿನಾಗ ತೆಲುಗು ಇನ್ನಾ ಹೋಗಿಲ್ಲ. ಚಂದಾಪುರದ ಮಗಳ ಮನಿಯಿಂದ ವಾಪಸ್ ಬರ್ಲಿಕತ್ತಿದ್ಳು.

"ಎಪ್ಪತ್ತಕ್ಕ ಯಾಕ? ನೂರಕ್ಕ ಕೊಡಲಿಕ್ಕ ಅವರಿಗೇನು ಧಾಡಿ?" ಅಂದ್ಳು.

"ಪದ್ಧತಿನೇ ಹಂಗದ ಅಜ್ಜಿ."

"ಪಾಸ್ ಆಗಲಿಕ್ಕ ಎಷ್ಟು ಬೇಕು?"

"ಅದರಾಗ ಪಾಸು ನಾಪಾಸು ಇಲ್ಲ. ಭಾಳ ಸವದಿದ್ರ ಹತ್ತು, ಇಪ್ಪತ್ತು ಬರತದ."

ಇಡೀ ಬಸ್ಸು ಚರ್ಚಾಕ್ಕ ಇಳೀತು. ಡ್ರೈವರ್ ಸೈತ ಕಿವಿ ಹಿಂದಕ್ಕ ಕೊಟ್ಟಿದ್ದ. ಚಿತ್ತಾಪುರ ಬರೋದ್ರಾಗ ಅಜ್ಜಿ ತೀರ್ಪು ಕೊಟ್ಟಳು.

"ಸವದಿದ್ದಕ್ಕ ನಂಬರ್ ಕಡಿಮಿ ಆಗೋದಿದ್ರ, ಮೊದಲು ಈ ಬಸ್ಸು ಕಳಸೊ ಅಬ್ಬಾಯಿ!"

ವಾರಕ್ಕ ಒಂದೇ ಸಲ

ಮಾಸ್ತರು ಇಳಿಯೋವಾಗ ಫೋನ್ ನಂಬರ್ ಕೊಟ್ಟಿದ್ರು. ಮನಿಗಿ ಬಂದು ಫೋನ್ ಹಚ್ಚಿದೆ.

"ಒಂದು ಮಾತು ಹೇಳೋದು ಮರೆತಿದ್ದೆ," ಅಂದ್ರು. "ನಾಣ್ಯ ತೊಳೀಬ್ಯಾಡ್ರಿ, ತಿಕ್ಕಬ್ಯಾಡ್ರಿ. ತೊಳದಿದ್ದು ಅವರಿಗಿ ಗೊತ್ತಾತಂದ್ರ ನಂಬರೇ ಕೊಡಂಗಿಲ್ಲ. ನೀವು ತೊಳದಿಲ್ಲ ಹೌದಿಲ್ಲೊ?"

ದೇವರ ಜಗಲಿ ಮ್ಯಾಲ ಅವ್ವನ ರೂಪಾಯಿ ಲಕ್ಷ್ಮಿ ಆಗಿ ಕುಂತಿತ್ತು. ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕನ್ನಡಿ ಆಗಿತ್ತು.

"ಏ, ಇಲ್ರಿ ಸರ್. ವಾರಕ್ಕ ಒಂದೇ ಸಲ," ಅಂದೆ. ಅವರು ಹಣಿ ಬಡಕೊಂಡ ಸಪ್ಪಳ ಫೋನಿನಾಗ ಕೇಳಿಸ್ತು. ಕಡೀಕ "ಇರಲಿ, ಖರೇನೋ ಖೋಟಾನೋ ಅಷ್ಟಂತೂ ಹೇಳತಾರ, ಕಳಸ್ರಿ" ಅಂದು ಫೋನಿಟ್ರು.

ನನ್ನ ಹೆಂಡತಿಗಿ ಡಬ್ಬಿ ಸುದ್ದಿ ಹೇಳಿದೆ. ಆಕಿ ಸೊಂಟದ ಮ್ಯಾಲ ಕೈ ಇಟ್ಟಳು.

"ಸೀಲ್ ಹೊಡದ್ರ ಕುಂಕುಮ ಎಲ್ಲಿ ಹಚ್ಚಲಿ?"

"ಡಬ್ಬಿ ಮ್ಯಾಲ ಹಚ್ಚು. ಒಳಗಿದ್ದ ಲಕ್ಷ್ಮಿಗಿ ಕಾಣಸತದಲ್ಲ?"

"ಹಂಗೇನು? ನಾಳಿಂದ ನಿಮ್ಮ ಬುತ್ತಿ ಫೋಟೊ ತೆಗದು ಫೋನಿಗಿ ಹಾಕತೀನಿ. ನೋಡಕೋತ ಉಣ್ರಿ."

ಕಲ್ಲಿನ ಪರೀಕ್ಷಾ

ಕಳಸೋಕಿನ ಮೊದಲು ಒಂದು ಮಾತು ಕೇಳೋಣಂತ ಶಹಾಬಾದದ ಪತ್ತಾರ ಕಾಕಾನ ಅಂಗಡಿಗಿ ಹೋದೆ. ಬೆಳ್ಳಿ ಬಂಗಾರದ ಕೆಲಸದಾಗೇ ಕೂದಲ ಬೆಳ್ಳಗಾದ ಮನಷ್ಯಾ. ಕರವಸ್ತ್ರದಾಗ ಸುತ್ತಿದ ನಾಣ್ಯ ಬಿಚ್ಚಿ, "ಕಾಕಾ, ಅಂಚು ಹಿಡೀರಿ. ಮೈಗಿ ಬೆರಳು ಹಚ್ಚಬ್ಯಾಡ್ರಿ. ಉಸರೂ ಬಿಡಬ್ಯಾಡ್ರಿ," ಅಂದೆ.

ಕಾಕಾ ಅಂಚು ಹಿಡದ. ಹಿಡದು ಬಾಗಲದಾಗಿನ ಫರಸಿ ಕಲ್ಲಿನ ಮ್ಯಾಲ ಒಗದ!

ಟಣ್ಣ್!

ನನ್ನ ಜೀವ ಅಲ್ಲೇ ಹೋಗಿತ್ತು. ಕಾಕಾ ಮಾತ್ರ ಕಣ್ಣು ಮುಚ್ಚಿ ಆ ಸಪ್ಪಳ ಪೂರ್ತಿ ಮುಗಿಯೋತನಕ ಕೇಳಿದ.

"ಸಾಚಾ ಬೆಳ್ಳಿ ತಮ್ಮಾ. ಖೋಟಾ ಇದ್ರ ತಟ್ ಅಂತಿತ್ತು."

ಹಾಲು ಕುಡದಂಗಾತು. ಆದ್ರ ಎತ್ತಿ ನೋಡತೀನಿ, ಅಂಚಿಗಿ ಸಣ್ಣ ತೆಗ್ಗು! "ಕಾಕಾ, ಗಾಯ ಆಗ್ಯಾದಲ್ಲ!" ಅಂತ ಒದರಿದೆ.

"ಪರೀಕ್ಷಾ ಅಂದಮ್ಯಾಲ ಸ್ವಲ್ಪ ತ್ರಾಸ ಇರತದ," ಅಂದ. ಆಮ್ಯಾಲ ಹಣಿ ಗಂಟು ಹಾಕಿ, "ಅಕ್ಷರದ ಮಗ್ಗಲು ಚಂದದ. ಚಾರ್‌ಮಿನಾರದ ಮಗ್ಗಲು ಇಷ್ಟ್ಯಾಕ ಸವದದ? ಎದರ ಮ್ಯಾಲ ತಿಕ್ಕೀರಿ?" ಅಂತ ಕೇಳಿದ.

ನನಗೂ ತಿಳೀಲಿಲ್ಲ. "ನಮ್ಮ ಮನ್ಯಾಗ ಯಾರೂ ಹೈದರಾಬಾದಿಗೇ ಹೋಗಿಲ್ಲ ಕಾಕಾ," ಅಂದೆ.

ಅಜ್ಜಿ ಕೊಟ್ಟ ನಂಬರ್

ಕಲ್ಲಿನ ಸಪ್ಪಳ ಕಾಗದದಾಗ ಬರಂಗಿಲ್ಲ. ಸೋದರತ್ತಿಗೋಳ ಮಕ್ಕಳ ಮುಂದ ಹಿಡೀಲಿಕ್ಕ ನನಗ ಬಲ್ಲವರ ಕಾಗದಾನೇ ಬೇಕಾಗಿತ್ತು. ರಜಾ ಹಾಕಿ, ಫಾರ್ಮ್ ತುಂಬಿ, ಡಬ್ಬ್ಯಾಗ ಹತ್ತಿ ಹಾಸಿ, ಜಗಲಿಗಿ ಕೈ ಹಾಕಿದ್ರ ತಾಟು ಖಾಲಿ.

"ರೂಪಾಯಿ ಎಲ್ಲೇ?"

ಹೆಂಡತಿ ರೊಟ್ಟಿ ಬಡಿಯೋದು ನಿಲ್ಲಿಸಲೇ ಇಲ್ಲ. "ಹೊರಗ ಹೋಗ್ಯಾದ. ಅಜ್ಜಿ ಮನಿಗಿ. ನಾಕು ದಿನಾ ಆತು."

ಫಾರ್ಮ್ ಹಿಡಕೊಂಡೇ ಓಡಿದೆ. ಅಜ್ಜಿ ಮನ್ಯಾಗ ತೊಟ್ಟಿಲು, ತೊಟ್ಟಿಲದಾಗ ಮರಿಮಗ, ಮರಿಮಗನ ಹೊಟ್ಟಿಗಿ ಮೆತ್ತನ್ನ ಅರಿವಿ ಪಟ್ಟಿ. ಪಟ್ಟಿ ಒಳಗ, ಹೊಕ್ಕಳದ ಮ್ಯಾಲ, ನಮ್ಮವ್ವನ ರೂಪಾಯಿ!

"ಹೊಕ್ಕಳ ಉಬ್ಬ್ಯಾದ ಅಬ್ಬಾಯಿ. ಅದು ಕುಂದರಲಿ ಅಂತ ಕಟ್ಟೀವಿ," ಅಂದ್ಳು ಅಜ್ಜಿ.

"ನರ್ಸಮ್ಮ ಕಟ್ಟಬ್ಯಾಡ್ರಿ ಅನ್ನಂಗಿಲ್ಲೇನು?"

"ಅಂತಾಳ. ಆಕಿ ಬಂದಾಗ ಬಿಚ್ಚತೀವಿ."

"ಅಜ್ಜಿ, ಅದನ್ನ ಇವತ್ತು ಗ್ರೇಡಿಂಗಿಗಿ ಕಳಸಬೇಕು!"

"ಕಳಸು. ಆದ್ರ ಈ ಓಣ್ಯಾಗ ಯಾವ ಕೂಸು ಹುಟ್ಟಿದ್ರೂ ಇದೇ ರೂಪಾಯಿ ಕಟ್ಟೋದು. ಮೂಲಿಮನಿ ಪೊಲೀಸಗೂ ಇದೇ, ಗಿರಣಿಯಾಂವಗೂ ಇದೇ. ನಿನ್ನ ಇಬ್ಬರು ಮಕ್ಕಳಿಗೂ ಇದೇ. ಗೋಪುರ ಕೆಳಗ, ಅಕ್ಷರ ಮ್ಯಾಲ. ಅಕ್ಷರ ಕೂಸಿಗಿ ಚುಚ್ಚತಾವ ನೋಡು."

ಚಾರ್‌ಮಿನಾರ್ ಸವಸಿದವರು ಯಾರಂತ ಆಗ ತಿಳೀತು. ಇಡೀ ಓಣಿನೇ ಸವಸಿತ್ತು! ಇಷ್ಟು ವರ್ಷ ಮನಿ ಹೆಂಗಸರು ಕೊಟ್ಟು ತಂದು ಮಾಡಿದ್ರೂ ಬಸ್ಸಿನಾಗ ಇರೋ ನನಗ ಸುದ್ದೀನೇ ಇಲ್ಲ.

"ಮೊದಲನೇ ಕೂಸು ಯಾವುದು ಅಜ್ಜಿ?"

"ನೀನೇ ಅಲ್ಲೇನೊ! ನಿಂದು ನಿಂಬಿಕಾಯಷ್ಟು ಉಬ್ಬಿತ್ತು. ಖರೇ ಬೆಳ್ಳಿ ಇದ್ರ ತಾ ಅಂತ ನಾನೇ ಅಂದೆ. ನಿಮ್ಮ ಅತ್ತಿಗೋಳು ಅಡ್ಡ ಬಂದ್ರು. ಖೋಟಾ ಅದ, ಒಳಗಿನ ತಾಮ್ರಕ್ಕ ಕೂಸಿನ ಮೈಗಿ ಹಸರು ಏಳತದ, ಕಟ್ಟಬ್ಯಾಡ ಅಂದ್ರು. ನಿಮ್ಮವ್ವ ಒಂದೇ ಮಾತು ಅಂದ್ಳು. 'ನಮ್ಮಪ್ಪ ಸುಳ್ಳು ಕೊಡೋ ಮನಷ್ಯಾ ಅಲ್ಲ.' ತನ್ನ ಕೈಯ್ಯಾರೆ ಕಟ್ಟಿದ್ಳು."

ತನ್ನ ಕೂಸಿನ ಮೈಗೇ ಹಚ್ಚಿ ನೋಡ್ಯಾಳ ನಮ್ಮವ್ವ. ಇನ್ನ ಯಾರ ಕಾಗದ ತಗೊಂಡು ಏನು ಮಾಡಲಿ? ಫಾರ್ಮ್ ಹರದು ಕಿಸೆದಾಗ ಹಾಕೊಂಡೆ.

"ಕೂಸಿಗೇ ಇರಲಿ ಬಿಡು ಅಜ್ಜಿ. ಗ್ರೇಡಿಂಗ್ ಬ್ಯಾಡ," ಅಂದೆ.

"ಯಾಕ ಬ್ಯಾಡ? ನಾ ಇಲ್ಲೇನು? ಅಂಗಿ ಎತ್ತು!"

"ಅಜ್ಜೀ…"

"ನಾ ಎಣ್ಣಿ ಹಚ್ಚಿ ಎರದ ಹೊಟ್ಟಿ ಅದು. ಎತ್ತೊ!"

ಐವತ್ತೇಳು ವರ್ಷದ ಸರ್ಕಾರಿ ಕಂಡಕ್ಟರ್ ಅಂಗಿ ಎತ್ತಿ ನಿಂತೆ. ಅಜ್ಜಿ ಸೊಸಿ ಸೆರಗು ಬಾಯಿಗಿ ತುರುಕಿಕೊಂಡು ಒಳಗ ಓಡಿದ್ಳು. ಅಜ್ಜಿ ಚಾಳೀಸು ಮೂಗಿಗೇರಿಸಿ, ಬಗ್ಗಿ, ಒಂದು ಬೆರಳಿನಿಂದ ಒತ್ತಿ ನೋಡಿದ್ಳು. ಆ ಮಗ್ಗಲು, ಈ ಮಗ್ಗಲು ಎಲ್ಲಾ ನೋಡಿ ನೆಟ್ಟಗ ನಿಂತಳು.

"ಹಸರಿಲ್ಲ, ಉಬ್ಬಿಲ್ಲ. ನಿಮ್ಮವ್ವನ ರೂಪಾಯಿಗಿ ಎಪ್ಪತ್ತಕ್ಕ ಎಪ್ಪತ್ತು," ಅಂದ್ಳು. "ಆದ್ರ ಅಬ್ಬಾಯಿ, ಹೊಟ್ಟಿ ಮಾತ್ರ ನಾಪಾಸ್."