ಹಸಿರಂಚಿನ ಟವೆಲ್ಲು

ಇಷ್ಟಕ್ಕೆಲ್ಲ ಕಾರಣ ಒಂದು ಟವೆಲ್ಲು. ಬಿಳಿಯದು, ಎರಡು ಬೆರಳಗಲ ಹಸಿರಂಚು. "ಸಾ, ನನ್ನ ಎಗಲ ಮ್ಯಾಲೆ ಹಸಿರಂಚಿನ ಟವೆಲ್ ಇರ್ತದೆ, ಅದೇ ಗುರುತು" ಎಂದು ದುದ್ದದ ಪುಟ್ಟರಾಜು ಚನ್ನರಾಯಪಟ್ಟಣದ ಚೆಲುವೇಗೌಡರಿಗೆ ಫೋನಿನಲ್ಲಿ ತಾನೇ ಹೇಳಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಗೌಡರು ನಿವೃತ್ತ ಹೆಡ್‌ಮಾಸ್ಟರು. ಅವರ ಮಗ ಹರ್ಷವರ್ಧನ್‌ಗೆ ಪುಟ್ಟರಾಜುವಿನ ಮಗಳು ರೂಪಶ್ರೀಯನ್ನು ಕೇಳಿದ್ದರು. "ಮನೆಗೆ ಬರೋಕೆ ಮುಂಚೆ ನಾವಿಬ್ಬರೇ ಕೂತು ಮಾತಾಡೋಣ. ಹಾಸನದ ಹೊಸ ಲೈಬ್ರರಿ ನೋಡೋಕೆ ಜನ ಎಲ್ಲ ಹೋಗ್ತಿದಾರೆ, ಅಲ್ಲೇ ಸಿಗಿ" ಎಂದಿದ್ದರು. ಪುಟ್ಟರಾಜುವಿಗೆ ಅವತ್ತಿನಿಂದ ಅನ್ನ ಸೇರಲಿಲ್ಲ. ಬಂದ ಗಂಡುಗಳಿಗೆಲ್ಲ ಮೂತಿ ತಿರುಗಿಸಿದ್ದ ಮಗಳು ಬಾಯಿಬಿಟ್ಟು ಒಪ್ಪಿದ್ದು ಇದೊಂದನ್ನೇ. ತನ್ನಿಂದ ಕೆಟ್ಟರೆ ಹೆಂಡತಿ ಅನಸೂಯಮ್ಮ ಮನೆಯೊಳಕ್ಕೆ ಸೇರಿಸುವವಳಲ್ಲ.

ಸಾಲದ್ದಕ್ಕೆ ಪಕ್ಕದ ಮನೆಯ ಮರಿಯಣ್ಣ. ಕರೆಯದಿದ್ದರೂ ಬೈಕಿನ ಹಿಂದೆ ಹತ್ತಿ ಕೂತ ಪುಣ್ಯಾತ್ಮ, ದಾರಿಯುದ್ದಕ್ಕೂ ಹೆದರಿಸಿದ.

"ಒಳಗೆ ಕೆಮ್ಮಂಗಿಲ್ಲ ಕಣ್ಲಾ. ಮೂಲೆಮೂಲೆಗೂ ಕ್ಯಾಮೆರಾ. ಪುಸ್ತಕ ಎತ್ಕಂಡು ಬಾಗ್ಲು ದಾಟಿದ್ರೆ ಮಿಷನ್ನೇ ಕೂಗ್ಕತದೆ."

"ನಾನ್ಯಾಕ್ಲಾ ಪುಸ್ತಕ ಎತ್ಕಳ್ಲಿ?"

"ಯೋಳಿರ್ತೀನಿ, ಅಷ್ಟೇಯ."

ಲೈಬ್ರರಿ ಪೂರಾ ಗಾಜು. ಬಾಗಿಲ ಹತ್ತಿರವೇ ಒಂದು ಸಂಸಾರ ಪುಸ್ತಕದ ಕಪಾಟಿಗೆ ಒರಗಿ ಫೋಟೋಕ್ಕೆ ನಿಂತಿತ್ತು. ಸೆಕ್ಯುರಿಟಿಯವನೇ ಅವರ ಮೊಬೈಲು ಹಿಡಿದು ತೆಗೆಯುತ್ತಿದ್ದ. ಮರಿಯಣ್ಣ ಹೊರಗೇ ಉಳಿದ. ಪುಟ್ಟರಾಜು ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದ.

ಒಳಗೆ ಪರೀಕ್ಷೆಗೆ ಓದುವ ಹುಡುಗರೇ ತುಂಬಿದ್ದರು. ಬೀಗರಾಗುವವರು ಬಂದು ನಿಂತುಕೊಳ್ಳಬೇಕೆಂದರೆ ಸಂಬಂಧ ಮುರಿದ ಹಾಗೆಯೇ ಲೆಕ್ಕ. ಅಷ್ಟರಲ್ಲಿ ದೂರದ ಕಿಟಕಿಯ ಪಕ್ಕ ಒಂದು ಮೆತ್ತನೆ ಕುರ್ಚಿಯ ಬೆನ್ನು ಕಾಣಿಸಿತು, ಮೇಲೆ ಯಾರ ತಲೆಯೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ಲೆಸೆದು ಸೀಟು ಹಿಡಿದು ಪಳಗಿದ ಕೈ ಅದು, ಇವನನ್ನು ಕೇಳಲೇ ಇಲ್ಲ. ಟವೆಲ್ಲು ಹುಡುಗರ ತಲೆಯ ಮೇಲಿಂದ ಹಾರಿ ಸರಿಯಾಗಿ ಕುರ್ಚಿಯೊಳಗೆ ಬಿತ್ತು.

ಹತ್ತಿರ ಹೋಗುವಷ್ಟರಲ್ಲಿ ಜೇಬಿನ ಫೋನು ಜೋರಾಗಿ ಭಜನೆ ಶುರುಮಾಡಿತು. ಅನಸೂಯಮ್ಮ. ಇಡೀ ಲೈಬ್ರರಿ ತಿರುಗಿ ನೋಡಿತು. ಎಲ್ಲಿ ಒತ್ತಿದರೂ ಭಜನೆ ನಿಲ್ಲಲಿಲ್ಲ. ಪುಟ್ಟರಾಜು ಕುರ್ಚಿಯ ಮೇಲಿನ ಟವೆಲ್ಲನ್ನು ಬಾಚಿ, ಫೋನನ್ನು ಅದರೊಳಗೆ ತುರುಕಿ, ಗಂಟನ್ನು ಹೊಟ್ಟೆಗೆ ಅವಚಿಕೊಂಡು ಓಡಿದ. ಬಾಗಿಲು ದಾಟಿದ್ದೇ ತಡ, ಮಿಷನ್ನು ಕೂಗಿಕೊಂಡಿತು.

"ಏ ಟವೆಲ್ ಯಜಮಾನ್ರೇ, ನಿಂತ್ಕಳಿ," ಎಂದು ಸೆಕ್ಯುರಿಟಿಯವನು ಬೆನ್ನ ಹಿಂದೆ ಕೂಗಿದ.

ನಿಲ್ಲುವುದೆಲ್ಲಿ ಬಂತು. ಕಟ್ಟಡದ ಹಿಂದೆ ಹೋಗುವಷ್ಟರಲ್ಲಿ ಭಜನೆ ನಿಂತಿತ್ತು. ಗಂಟು ಬಿಚ್ಚಿದರೆ ಒಂದು ಪುಸ್ತಕ, ಅದರ ಮೇಲೊಂದು ಕನ್ನಡಕ. ಹಿಂದೆಯೇ ಓಡಿಬಂದ ಮರಿಯಣ್ಣನ ಮುಂದೆ ಪುಟ್ಟರಾಜು ಎರಡನ್ನೂ ಹಿಡಿದ.

"ಯಾರೋ ಕುಂತಿದ್ದ ಸೀಟು ಕಣ್ಲಾ ಅದು. ಗೌಡ್ರ ಮುಂದೇನೇ ಕಳ್ಳ ಅಂತ ಇಡ್ಕತಾರೆ. ನನ್ ಮಗಳ ಗತಿಯೇನ್ಲಾ?"

"ಸೆಕ್ಯುರಿಟಿಯೋನು ನಿನ್ ಬೆನ್ನು ಕಂಡವ್ನೆ, ಮಕ ಕಂಡಿಲ್ಲ," ಎಂದ ಮರಿಯಣ್ಣ. "ಟವೆಲ್ ಒಂದೇ ಗುರುತು. ಅದ ನಂಗೆ ಕೊಡು. ಪುಸ್ತಕ, ಕನ್ನಡಕ ಸೆಕ್ಯುರಿಟಿ ಕುರ್ಚಿ ಮ್ಯಾಲಿಟ್ಟು, ಏನೂ ಅರೀದೋನಂಗೆ ಒಳಕ್ಕೋಗು."

ಹುಟ್ಟಿದ ಮೇಲೆ ಮರಿಯಣ್ಣ ಆಡಿದ ಮೊದಲ ಬುದ್ಧಿಮಾತು ಎನಿಸಿತು ಪುಟ್ಟರಾಜುವಿಗೆ. ಟವೆಲ್ಲನ್ನು ಹಾಗೇ ಮುದುರಿ ಅವನ ಕೈಗೆ ಕೊಟ್ಟ. ಸೆಕ್ಯುರಿಟಿಯವನು ಇವನನ್ನೇ ಹುಡುಕಲು ಗೇಟಿನತ್ತ ಹೋಗಿದ್ದ. ಪುಸ್ತಕ, ಕನ್ನಡಕ ಅವನ ಕುರ್ಚಿಯ ಮೇಲಿಟ್ಟು ಮರೆಯಲ್ಲಿ ನಿಂತ. ಸ್ವಲ್ಪ ಹೊತ್ತು ಬಿಟ್ಟು, ಬರಿಹೆಗಲಲ್ಲಿ ಒಳಗೆ ನಡೆದ.

ಬಾಗಿಲಲ್ಲೇ ಸೆಕ್ಯುರಿಟಿಯವನ ಜೊತೆ ನಿಂತಿದ್ದ ಹಿರಿಯರೊಬ್ಬರು ಆ ಕನ್ನಡಕ ಒರೆಸಿ ಹಾಕಿಕೊಂಡು, "ಯಾರನ್ನ ಹುಡುಕ್ತಿದೀರಿ?" ಎಂದರು.

"ಚೆಲುವೇಗೌಡ್ರು ಅಂತ, ಚನ್ನರಾಯಪಟ್ಣದೋರು."

"ನಾನೇ."

ಗೌಡರಿಗೆಂದು ಹಿಡಿದದ್ದು ಗೌಡರದೇ ಸೀಟು.

"ಬೇಗ ಬಂದು ಓದ್ತಾ ಕೂತಿದ್ದೆ," ಎಂದರು ಗೌಡರು. "ಬಾತ್‌ರೂಮಿಗೆ ಹೋಗಿ ಬರೋದ್ರಲ್ಲಿ ಯಾರೋ ಪುಸ್ತಕ, ಕನ್ನಡಕ ಎರಡನ್ನೂ ಎತ್ಕೊಂಡು ಓಡಿದಾನೆ. ಹಸಿರಂಚಿನ ಟವೆಲ್ಲಂತೆ. ನಿಮ್ಮದೂ ಹಸಿರಂಚು ಅಂದಿದ್ರಿ. ಎಲ್ಲಿ?"

"ಇವತ್ತು ಮನೇಲೇ ಮರ್ತು ಬಂದೆ ಸಾ. ಅಂಥ ಕಳ್ರನ್ನ ಸುಮ್ನೆ ಬಿಡಬಾರ್ದು," ಎಂದ ಪುಟ್ಟರಾಜು. ಗೌಡರು ಹೌದೆಂದು ತಲೆಯಾಡಿಸಿದರು. ಪುಟ್ಟರಾಜು ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟ.

ಆಗಲೇ ಹಿಂದಿನಿಂದ ಭಜನೆ ಕೇಳಿಸಿತು. ಮರಿಯಣ್ಣ ಹಸಿರಂಚಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದ.

"ಲೇ ಪುಟ್ರಾಜು, ನಿನ್ ಫೋನು ಟವೆಲ್ನಾಗೇ ಉಳ್ಕಂಡದೆ ಕಣ್ಲಾ. ಅನಸೂಯಕ್ಕ ಒಂದೇ ಸಮ ಮಾಡ್ತಾವ್ಳೆ."

ಹಾಗೆಂದು, ಕೇಳದಿದ್ದರೂ ಸ್ಪೀಕರ್ ಒತ್ತಿ ಮುಂದೆ ಹಿಡಿದ.

"ಏನೂಂದ್ರೆ," ಎಂದಳು ಅನಸೂಯಮ್ಮ, "ಗೌಡ್ರಿಗೆ ನಿಮ್ ಟವೆಲ್ ಗುರುತು ಸಿಕ್ತಾ?"

ಗೌಡರು ಕನ್ನಡಕ ಸರಿಮಾಡಿಕೊಂಡು ಫೋನಿನತ್ತ ಬಾಗಿದರು.

"ಸಿಕ್ತು ಕಣವ್ವ," ಎಂದರು.