ಇಂಗ್ಲೆಂಡಿನಲ್ಲಿ ಉಡಿ ತುಂಬಿದ ನಾದಿನಿ

ನಮ್ಮ ನಾದಿನಿ ಇಂಗ್ಲೆಂಡಿಗೆ ಹೋಗಿ ಲಂಚ ಕೊಟ್ಟು ಸಿಕ್ಕಿಬಿದ್ದವಳು. ನಮ್ಮ ಮನೆತನದಲ್ಲಿ ಇಂಗ್ಲೆಂಡಿಗೆ ಹೋದವಳೂ ಅವಳೊಬ್ಬಳೇ, ಸಿಕ್ಕಿಬಿದ್ದವಳೂ ಅವಳೊಬ್ಬಳೇ. ಲಂಚದ ಸಾಮಾನು ಗಂಟು ಕಟ್ಟಿಕೊಟ್ಟವಳು ನಾನು. ನನ್ನ ಹೆಸರು ಹೊರಗೆ ಬರಲಿಲ್ಲ, ಶಿವ ದೊಡ್ಡವನು.

ನಾರಾಯಣಪೇಟೆಯ ನಮ್ಮ ಮನೆಯಲ್ಲೇ ಇದ್ದುಕೊಂಡು ಅವಳು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಬಿ.ಎಡ್. ಸೇರಿದಳು. ಪಾಠ ಮಾಡಿ ರೂಢಿಯಾಗಲು ಮಕ್ಕಳು ಬೇಕಲ್ಲ? ನಾವಿದ್ದೆವು. ದಿನಾ ಸಂಜೆ ಪಡಸಾಲೆಯಲ್ಲಿ ನಾನು ಮೊದಲ ಸಾಲು, ನಮ್ಮ ಮನೆಯವರು ಕೊನೆಯ ಸಾಲು. ಏಳಬೇಕಾದರೆ ಕೈ ಎತ್ತಿ ಅಪ್ಪಣೆ ಕೇಳಬೇಕು. ಒಲೆಯ ಮೇಲೆ ಹಾಲು ಉಕ್ಕಿದ ದಿನ ಕೈ ಎತ್ತಿದೆ. "ಮೊದಲ ಉತ್ತರ ಹೇಳ್ರಿ ವೈನಿ" ಎಂದಳು. ದ್ಯುತಿಸಂಶ್ಲೇಷಣೆ ಎಂದರೇನೆಂದು ನನಗೆ ಈಗಲೂ ಗೊತ್ತು. ಆ ಪಾತ್ರೆಯ ತಳ ಈಗಲೂ ಕಪ್ಪಗಿದೆ. ನಮ್ಮ ಮನೆಯವರು ಅಂಗಡಿಯಿಂದ ಬಂದ ದಣಿವಿಗೆ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದರು. ಅವರನ್ನು ಎಬ್ಬಿಸುತ್ತಿರಲಿಲ್ಲ. ಕೊನೆಯ ಸಾಲು ಎಲ್ಲ ಶಾಲೆಗಳಲ್ಲೂ ಹಾಗೇ ಇರುತ್ತದಂತೆ.

ತೆಲಂಗಾಣ ಬಂದ ವರ್ಷವೇ ಕಾಲೇಜಿನವರು ಅವಳೂ ಸೇರಿ ಮೂವರನ್ನು ಆರಿಸಿ, ಆರು ವಾರ ಪಾಠ ಮಾಡಿ ಬನ್ನಿರೆಂದು ಇಂಗ್ಲೆಂಡಿನ ಶಾಲೆಯೊಂದಕ್ಕೆ ಕಳಿಸಿದರು. ಗದ್ವಾಲದ ನನ್ನ ತವರಿನಿಂದ ಒಂದು ಡಜನ್ ಕುಬಸದ ಖಣ ತರಿಸಿ ಪೆಟ್ಟಿಗೆಗೆ ಹಾಕಿದೆ. ಯಾರಾದರೂ ಮನೆಗೆ ಕರೆದು ಊಟ ಹಾಕಿದರೆ ಬರಿಗೈಲೆ ಬರಬ್ಯಾಡ ಎಂದು ಬುದ್ಧಿ ಹೇಳಿದೆ. ಆಲಂಪುರದ ಅಮ್ಮನ ಕುಂಕುಮ ಕಾವಲಿಗಿರಲೆಂದು ಅದನ್ನೂ ಇಟ್ಟೆ.

ಅಲ್ಲಿಯ ಮಕ್ಕಳು ನಿಮ್ಮದು ಯಾವೂರೆಂದು ಕೇಳಿದವು. ಬೇರೆಯವರಾಗಿದ್ದರೆ ಇಂಡಿಯಾ ಎಂದು ಮುಗಿಸುತ್ತಿದ್ದರು. ಇವಳು ಗೋಡೆಯ ಮೇಲಿದ್ದ ಇಂಡಿಯಾದ ನಕಾಶೆಯಲ್ಲಿ ತೆಲಂಗಾಣ ಹುಡುಕಿದಳು. ಎಲ್ಲಿಂದ ಬರಬೇಕು? ರಾಜ್ಯಕ್ಕೆ ಇನ್ನೂ ಆರು ತಿಂಗಳಾಗಿರಲಿಲ್ಲ, ನಕಾಶೆ ಯಾವ ಕಾಲದ್ದೋ. ಅಳಿಸಲಾಗದ ಪೆನ್ನು ತೆಗೆದುಕೊಂಡು ತಾನೇ ಗಡಿ ಎಳೆದಳು. ಕೈ ಸ್ವಲ್ಪ ಜಾರಿ ರಾಯಚೂರೂ ಒಳಗೆ ಬಂತಂತೆ. "ಇರಲಿ ಬಿಡ್ರಿ, ನಮ್ಮ ಬೀಗರೆಲ್ಲ ಅಲ್ಲೇ ಅದಾರ" ಎಂದು ಫೋನಿನಲ್ಲಿ ಹೇಳಿದಳು. ಅಷ್ಟು ಜನ ಅಷ್ಟು ವರ್ಷ ಹೋರಾಡಿ ಪಡೆದ ರಾಜ್ಯವನ್ನು ಇವಳು ಅರ್ಧ ನಿಮಿಷದಲ್ಲಿ ಹಿಗ್ಗಿಸಿದಳು.

ನಾಲ್ಕನೆಯ ವಾರ ಅವಳ ಪಾಠ ನೋಡಿ ಅಂಕ ಹಾಕಲು ಹಿರಿಯ ಮೇಡಂ ಒಬ್ಬರು ಬಂದರು. ಅವರು ಪಾಸೆಂದು ಬರೆದರೆ ಇವಳು ಟೀಚರು. ಇಲ್ಲವಾದರೆ ಮತ್ತೆ ನಮ್ಮ ಅಡುಗೆಮನೆ, ಅಣ್ಣನ ಮನೆಯ ಅನ್ನ. ಪಾಠ ಚೆನ್ನಾಗಾಯಿತು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಅಂದು ಶುಕ್ರವಾರ! ಬಂದ ಮುತ್ತೈದೆಯನ್ನು ಶುಕ್ರವಾರ ಬರಿಗೈಲಿ ಕಳಿಸುವುದುಂಟೆ? ಕ್ಲಾಸು ಮನೆಯಲ್ಲ ಎಂದು ನೀವು ಹೇಳಬಹುದು. ಅವಳಿಗೆ ಹೇಳಿ ನೋಡಿ. ಬೆರಳಿನ ಉಂಗುರ ನೋಡಿ ಮುತ್ತೈದೆಯೆಂದು ಖಾತ್ರಿ ಮಾಡಿಕೊಂಡು, ಮೇಡಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಕುಂಕುಮವಿಟ್ಟು, ಕೋಟಿನ ಅಂಚು ಹಿಡಿಸಿ, ಅದರೊಳಗೆ ಖಣ, ಅಕ್ಕಿ, ತೆಂಗಿನಕಾಯಿ ಹಾಕಿ ಉಡಿ ತುಂಬಿದಳು. ಮೇಡಂ ಇನ್ನೂ ಅಂಕ ಹಾಕಿರಲಿಲ್ಲ.

ಪರೀಕ್ಷೆ ಮಾಡುವವರಿಗೆ ಕಾಣಿಕೆ ಕೊಡುವುದು ಅಲ್ಲಿ ಅಪರಾಧವಂತೆ. ವರದಿಯನ್ನು ತಡೆಹಿಡಿದು, ಬರವಣಿಗೆಯಲ್ಲಿ ವಿವರಣೆ ಕೇಳಿದರು. ಇವಳು ಹನ್ನೊಂದು ಪುಟ ಬರೆದಳು. ಯಾವ ದಿಕ್ಕಿಗೆ ಕೂರಿಸಬೇಕು, ಎಷ್ಟು ಹಿಡಿ ಅಕ್ಕಿ, ಎಲ್ಲ ಚಿತ್ರ ಸಮೇತ. ಇಲ್ಲಿ ನಾನು ಸೋಮವಾರದ ಉಪವಾಸಕ್ಕೆ ಮಂಗಳವಾರವನ್ನೂ ಸೇರಿಸಿದೆ. ತಂಗಿಯ ಚಿಂತೆಯಲ್ಲಿ ನಮ್ಮ ಮನೆಯವರೂ ಮಂಗಳವಾರ ಊಟ ಮಾಡಲಿಲ್ಲ. ನಾನು ಅಡುಗೆ ಮಾಡಿರಲಿಲ್ಲ ಎಂಬುದೂ ಕಾರಣವಿರಬಹುದು.

ಗುರುವಾರ ಫೋನು ಬಂತು. ಪಾಸು! ತಿಳಿಯದೆ ಆದದ್ದೆಂದು ಒಪ್ಪಿದರಂತೆ. ಆದರೆ ನಿಯಮದಂತೆ ಕೊಟ್ಟದ್ದನ್ನು ನಾಲ್ಕು ಜನರ ಮುಂದೆ ಹಿಂದಿರುಗಿಸಲೇಬೇಕು. ಮೇಡಂ ಹನ್ನೊಂದು ಪುಟವನ್ನೂ ಓದಿದ್ದರು. ಸುಮ್ಮನೆ ಕೈಗೆ ಕೊಟ್ಟರೆ ಇವಳಿಗೆ ಅವಮಾನವಾದೀತೆಂದು, ಪುಟ ನೋಡಿಕೊಂಡು, ಕ್ರಮ ತಪ್ಪದೆ, ಇವಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಹಣೆಗೆ ಕುಂಕುಮವಿಟ್ಟು, ಸೆರಗಿನೊಳಗೆ ಖಣ, ಅಕ್ಕಿ, ಕಾಯಿ ತುಂಬಿದರಂತೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರಂತೆ.

ನಾನು ನಗುತ್ತಿದ್ದೆ. ಆಮೇಲೆ ಏನಾಯಿತೆಂದು ಕೇಳಿದೆ.

"ಏನಿಲ್ಲ ವೈನಿ. ಉಡ್ಯಾಗ ಅಕ್ಕಿ ಬಿದ್ದು ಒಂಬತ್ತ ವರ್ಷ ಆಗಿತ್ತಲ್ಲ. ಬ್ಯಾಡ್ರಿ ಅನ್ನಾಕ ನಂಗ ಇಂಗ್ಲಿಷ್ ಬರಲಿಲ್ಲ."

ಮಕ್ತಲ್‌ಗೆ ಕೊಟ್ಟಿದ್ದೆವು ಅವಳನ್ನು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ತೀರಿಕೊಂಡು, ನಮ್ಮಲ್ಲಿಗೆ ಬಂದಳು. ಶುಕ್ರವಾರ ನಾನು ಓಣಿಯ ಹೆಂಗಸರಿಗೆ ಉಡಿ ತುಂಬುವಾಗ ಅಕ್ಕಿ ಆರಿಸಿ, ಕಾಯಿ ಸುಲಿದು, ತಾಟು ಹೊಂದಿಸಿ ಕೊಡುವವಳು ಅವಳೇ. ಹೆಂಗಸರು ಹೊಸ್ತಿಲು ದಾಟುವ ಹೊತ್ತಿಗೆ ತಾನಾಗಿ ಒಳಗೆ ಹೋಗಿಬಿಡುವಳು. ಇಂಗ್ಲೆಂಡಿನಲ್ಲಿ ತಾಟು ಇಸಿದುಕೊಳ್ಳಲು ನಾನಿರಲಿಲ್ಲ, ತಾನೇ ತುಂಬಿದ್ದಳು. ದೇವರನ್ನು ದಿನಾ ಕರೆಯುವ ನಾನು ಅವಳನ್ನು ಒಂದು ಶುಕ್ರವಾರವೂ ಹೊರಗೆ ಕರೆದಿರಲಿಲ್ಲ.

ಅವಳು ಊರಿಗೆ ಬಂದಿಳಿದಾಗ ಓಣಿಯವರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಎಲ್ಲರ ಎದುರೇ ಮಣೆ ಹಾಕಿ, ತಾಟು ತಂದೆ.

"ವೈನಿ, ಇವತ್ತ ಬುಧವಾರ ಐತಿ" ಎಂದಳು.

"ಗೊತ್ತೈತಿ. ಸೆರಗ ಹಿಡಿ" ಎಂದೆ.